ಮೇಲ್‌ನಲ್ಲಿ ಕಾಗದಪತ್ರ ಇಟ್ಟುಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವುದು ನನ್ನ ಕೆಲಸ. ಸ್ಕಾಲರ್‌ಶಿಪ್, ಸಿಇಟಿ, ಪಿಂಚಣಿ, ಜಾತಿ-ಆದಾಯ ಪ್ರಮಾಣಪತ್ರ, ಏನಿದ್ದರೂ ಜನ ಬರುತ್ತಾರೆ. ಅರ್ಜಿ ತುಂಬಲು ಹೆಚ್ಚು ಹೊತ್ತು ಬೇಡ. ಹೊತ್ತೆಲ್ಲ ಹೋಗುವುದು ಕಾಗದ ಹುಡುಕುವುದರಲ್ಲಿ. "ಫೋನಲ್ಲೇ ಇತ್ತು ಸಾರ್, ಆ ಫೋನ್ ಕೆಟ್ಟೋಯ್ತು" ಅನ್ನುವ ಮಾತು ತುಂಬ ಸಲ ಕೇಳುತ್ತೇನೆ. ಕೊನೆಯ ದಿನಾಂಕ ಹತ್ತಿರ ಬಂದಾಗ ಒಂದು ಕಾಗದ ಸಿಗದೆ ಹುಡುಗರ ಸ್ಕಾಲರ್‌ಶಿಪ್ ಕೈತಪ್ಪುವುದನ್ನು ನೋಡಲು ಕಷ್ಟವಾಗುತ್ತದೆ. ಅದಕ್ಕೇ ಬಂದವರಿಗೆಲ್ಲ ಹೇಳುತ್ತೇನೆ, ಮುಖ್ಯವಾದ ಕಾಗದಗಳನ್ನು ನಿಮ್ಮ ಮೇಲ್‌ಗೆ ನೀವೇ ಕಳಿಸಿ ಇಟ್ಟುಕೊಳ್ಳಿ ಅಂತ. ಹಾಗೆ ಹೇಳಿದ ಮೇಲೆ ಅವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಮ್ಮ ಕಡೆ ಹೆಚ್ಚಿನವರ ಹತ್ತಿರ ಇರುವುದು ಜೀಮೇಲ್. ಹಾಗಾಗಿ ಅದನ್ನೇ ಹಿಡಿದು ಹೇಳುತ್ತೇನೆ.

ಮೇಲ್ ಇರುವುದು ಪತ್ರ ಕಳಿಸುವುದಕ್ಕೆ ಅಲ್ವಾ? ಅದರಲ್ಲಿ ಫೈಲ್ ಇಡುವುದು ಹೇಗೆ?

ನಿಮ್ಮ ವಿಳಾಸದಿಂದ ನಿಮ್ಮ ವಿಳಾಸಕ್ಕೇ ಒಂದು ಮೇಲ್ ಬರೆಯಿರಿ. ಫೈಲ್ ಲಗತ್ತಿಸಿ, ವಿಷಯದ ಸಾಲಿನಲ್ಲಿ ಅದು ಏನು ಅಂತ ಬರೆದು ಕಳಿಸಿ. ಅಷ್ಟೇ. ಫೋನ್ ಕಳೆದರೂ, ಬಸ್ಸಿನಲ್ಲಿ ಬ್ಯಾಗ್ ಬಿಟ್ಟರೂ ಆ ಫೈಲ್ ಇದ್ದೇ ಇರುತ್ತದೆ. ಬೇರೆ ಯಾವುದೇ ಫೋನಿನಿಂದ ನಿಮ್ಮ ಖಾತೆಗೆ ಹೋದರೆ ಸಿಗುತ್ತದೆ.

ಇದು ಹೊಸದೇನಲ್ಲ. 2004ರ ಏಪ್ರಿಲ್ 1ರಂದು ಜೀಮೇಲ್ ಶುರುವಾದಾಗ 1 ಜಿಬಿ ಜಾಗ ಕೊಟ್ಟರು. ಆಗ ಹಾಟ್‌ಮೇಲ್‌ನಲ್ಲಿ ಸಿಗುತ್ತಿದ್ದದ್ದು 2 ಎಂಬಿ, ಯಾಹೂನಲ್ಲಿ 4 ಎಂಬಿ. ಇಷ್ಟು ಜಾಗದಲ್ಲಿ ಬರೀ ಪತ್ರ ಇಡುವುದು ಯಾಕೆ ಅಂತ ಕೆಲವರಿಗೆ ಅನ್ನಿಸಿತು. ಅದೇ ವರ್ಷ 'ಜೀಮೇಲ್ ಡ್ರೈವ್' ಅನ್ನುವ ಪುಟ್ಟ ತಂತ್ರಾಂಶ ಬಂತು. ಅದನ್ನು ಹಾಕಿಕೊಂಡರೆ ವಿಂಡೋಸ್ ಕಂಪ್ಯೂಟರಿನಲ್ಲಿ ಸಿ ಡ್ರೈವ್, ಡಿ ಡ್ರೈವ್ ಜೊತೆ ಜೀಮೇಲ್ ಕೂಡ ಒಂದು ಡ್ರೈವ್ ಥರ ಕಾಣುತ್ತಿತ್ತು. ಫೈಲನ್ನು ಅಲ್ಲಿಗೆ ಎಳೆದು ಹಾಕಿದರೆ, ಅದು ಒಳಗೊಳಗೇ ನಿಮ್ಮ ವಿಳಾಸಕ್ಕೆ ಮೇಲ್ ಆಗಿ ಹೋಗುತ್ತಿತ್ತು. ಅದನ್ನು ಗೂಗಲ್ ಮಾಡಿರಲಿಲ್ಲ, ಈಗ ಅದು ನಡೆಯುವುದೂ ಇಲ್ಲ. 2012ರಲ್ಲಿ ಗೂಗಲ್ ಡ್ರೈವ್ ಬಂದ ಮೇಲೆ ಅದರ ಅಗತ್ಯವೂ ಉಳಿಯಲಿಲ್ಲ. ನಿಮಗೆ ನೀವೇ ಮೇಲ್ ಕಳಿಸುವ ಸರಳ ದಾರಿ ಮಾತ್ರ ಇವತ್ತಿಗೂ ಹಾಗೇ ಇದೆ.

ಎಷ್ಟು ಜಾಗ ಸಿಗುತ್ತದೆ? ನನ್ನ ಕಾಗದಕ್ಕೆಲ್ಲ ಸಾಲುತ್ತದಾ?

ದುಡ್ಡು ಕೊಡದೆ ಸಿಗುವುದು 15 ಜಿಬಿ. ಇದು ಜೀಮೇಲ್, ಗೂಗಲ್ ಡ್ರೈವ್, ಗೂಗಲ್ ಫೋಟೋಸ್ ಮೂರಕ್ಕೂ ಸೇರಿ. ಸ್ಕ್ಯಾನ್ ಮಾಡಿದ ಒಂದು ಪುಟ ಸುಮಾರು 300 ಕೆಬಿ ಅಂತ ಇಟ್ಟುಕೊಳ್ಳಿ. 15 ಜಿಬಿಯಲ್ಲಿ 50,000 ಪುಟ ಹಿಡಿಯುತ್ತದೆ. ಮನೆ ಮಂದಿಯ ಕಾಗದವನ್ನೆಲ್ಲ ಸೇರಿಸಿದರೂ ಅಷ್ಟಾಗಲ್ಲ.

ಜಾಗ ತುಂಬಿಸುವುದು ಕಾಗದವಲ್ಲ, ಫೋಟೋ ಮತ್ತು ವಿಡಿಯೋ. 2021ರ ಜೂನ್ 1ರವರೆಗೆ ಗೂಗಲ್ ಫೋಟೋಸ್‌ನಲ್ಲಿ ಗಾತ್ರ ಇಳಿಸಿದ ಚಿತ್ರಗಳನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆಮೇಲೆ ಹಾಕಿದ್ದೆಲ್ಲ ಈ 15 ಜಿಬಿಯಲ್ಲೇ ಸೇರುತ್ತದೆ. ಇದು ತುಂಬ ಜನಕ್ಕೆ ಗೊತ್ತಿಲ್ಲ. ಜಾಗ ಪೂರ್ತಿ ತುಂಬಿದರೆ ಮೇಲ್ ಬರುವುದೂ ನಿಲ್ಲುತ್ತದೆ, ಕಳಿಸುವುದೂ ನಿಲ್ಲುತ್ತದೆ. ಕೆಲಸದ ಸಂದರ್ಶನದ ಪತ್ರ ಬರಬೇಕಾದ ಹೊತ್ತಿಗೆ ಹೀಗಾದರೆ ಏನು ಗತಿ? ಫೋನಿನ ಫೋಟೋ ಬ್ಯಾಕಪ್‌ಗೆ ಬೇರೆ ಖಾತೆ ಇಟ್ಟುಕೊಳ್ಳಿ. ಕಾಗದಪತ್ರದ ಖಾತೆ ಹಗುರವಾಗಿರಲಿ.

25 ಎಂಬಿವರೆಗೂ ಕಳಿಸಬಹುದು ಅನ್ನುತ್ತಾರೆ. ನನ್ನ ಫೈಲ್ 22 ಎಂಬಿ ಇದ್ದರೂ ಆ ಕಡೆಯವರಿಗೆ ತಲುಪಲಿಲ್ಲ. ಯಾಕೆ?

ಒಳ್ಳೆಯ ಪ್ರಶ್ನೆ. ಮೇಲ್ ಹುಟ್ಟಿದ ಕಾಲದಲ್ಲಿ ಅದು ಸಾಗಿಸುತ್ತಿದ್ದದ್ದು ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳನ್ನು. ಫೋಟೋ, ಪಿಡಿಎಫ್ ಆ ದಾರಿಯಲ್ಲಿ ಹೋಗುವಂತಿರಲಿಲ್ಲ. 1992ರಲ್ಲಿ 'ಮೈಮ್' ಎಂಬ ಪದ್ಧತಿ ಬಂದು ಅದಕ್ಕೆ ದಾರಿ ಮಾಡಿತು. ದಾರಿ ಹಳೆಯದೇ. ಫೈಲನ್ನೇ ಅಕ್ಷರಗಳಾಗಿ ಬದಲಿಸಿ ಕಳಿಸುತ್ತಾರೆ, ಆ ಕಡೆ ಅದು ಮತ್ತೆ ಫೈಲ್ ಆಗುತ್ತದೆ. ಹೀಗೆ ಬದಲಿಸುವಾಗ ಫೈಲಿನ ಪ್ರತಿ 3 ಬೈಟಿಗೆ 4 ಅಕ್ಷರ ಬೇಕು. ಅಂದರೆ ಗಾತ್ರ ಮೂರನೇ ಒಂದು ಭಾಗ ಜಾಸ್ತಿಯಾಗುತ್ತದೆ. 18 ಎಂಬಿ ಫೈಲ್ ಹೊರಡುವಾಗ 24 ಎಂಬಿ ಆಗಿರುತ್ತದೆ. ನಿಮ್ಮ 22 ಎಂಬಿ ಫೈಲ್ 29 ದಾಟಿರುತ್ತದೆ. ತಲುಪಬೇಕಾದ ಕಡೆಯವರ ಮಿತಿ ಅದಕ್ಕಿಂತ ಕಮ್ಮಿ ಇದ್ದರೆ ವಾಪಸ್ ಬರುತ್ತದೆ.

ನನ್ನ ಸಲಹೆ, ಒಂದು ಮೇಲ್‌ನಲ್ಲಿ 15 ಎಂಬಿ ದಾಟಬೇಡಿ. ದೊಡ್ಡದಿದ್ದರೆ ಎರಡು ಮೇಲ್ ಮಾಡಿ. 25 ಎಂಬಿ ದಾಟಿದರೆ ಜೀಮೇಲ್ ತಾನಾಗಿಯೇ ಫೈಲನ್ನು ಡ್ರೈವ್‌ಗೆ ಹಾಕಿ, ಮೇಲ್‌ನಲ್ಲಿ ಕೊಂಡಿ ಮಾತ್ರ ಇಡುತ್ತದೆ. ಆಮೇಲೆ ಡ್ರೈವ್‌ನಲ್ಲಿ ಆ ಫೈಲ್ ಅಳಿಸಿದರೆ ಮೇಲ್‌ನಲ್ಲಿ ಏನೂ ಉಳಿಯುವುದಿಲ್ಲ. ಇದನ್ನು ನೆನಪಿಡಿ.

ಕಳಿಸಿದ್ದನ್ನು ಆಮೇಲೆ ಹುಡುಕುವುದು ಹೇಗೆ? ನನ್ನ ಇನ್‌ಬಾಕ್ಸಿನಲ್ಲಿ ಸಾವಿರಾರು ಮೇಲ್ ಇವೆ.

ಇಡೀ ವಿಷಯದಲ್ಲಿ ಇದೇ ಮುಖ್ಯ. ಕಳಿಸುವುದು ಸುಲಭ, ಹುಡುಕಿದಾಗ ಸಿಗಬೇಕು. ಅದಕ್ಕೆ ಬೇಕಾದದ್ದು ಒಳ್ಳೆಯ ವಿಷಯದ ಸಾಲು. 'ಫೋಟೋ', 'ಡಾಕ್ಯುಮೆಂಟ್', ಅಥವಾ ಖಾಲಿ ಬಿಟ್ಟ ಮೇಲ್ ಎರಡು ವರ್ಷದ ಮೇಲೆ ಸಿಗುವುದಿಲ್ಲ. ನಾನು ಬರೆಸುವುದು ಹೀಗೆ:

ಪಹಣಿ ಸರ್ವೆ 112/3 ಅಪ್ಪ ಪಾಂಡವಪುರ 2024

ಏನು, ಯಾವುದು, ಯಾರದ್ದು, ಎಲ್ಲಿಯದು, ಯಾವ ವರ್ಷದ್ದು. ಐದೂ ಒಂದೇ ಸಾಲಿನಲ್ಲಿ. ಕನ್ನಡದಲ್ಲಿ ಬರೆಯುವಾಗ ಒಂದು ಎಚ್ಚರ ಬೇಕು. ಹುಡುಕು ಪೆಟ್ಟಿಗೆ ಇಡೀ ಪದವನ್ನು ನೋಡುತ್ತದೆ, ಪದದ ತುಂಡನ್ನಲ್ಲ. ನೀವು 'ಅಪ್ಪನ ಪಹಣಿಯ ಪ್ರತಿ' ಅಂತ ಬರೆದಿಟ್ಟು, ಆಮೇಲೆ 'ಪಹಣಿ' ಅಂತ ಹುಡುಕಿದರೆ ಸಿಗದೇ ಹೋಗಬಹುದು. 'ಪಹಣಿ', 'ಪಹಣಿಯ', 'ಪಹಣಿಯನ್ನು' ಅದಕ್ಕೆ ಮೂರು ಬೇರೆ ಪದ. ಅದಕ್ಕೇ ಪ್ರತ್ಯಯ ಸೇರಿಸದೆ ಬರೀ ಹೆಸರುಗಳನ್ನು ಸಾಲಾಗಿ ಬರೆಯಿರಿ. ವಾಕ್ಯ ಆಗದಿದ್ದರೂ ಪರವಾಗಿಲ್ಲ. ಮಕ್ಕಳು ಇಂಗ್ಲಿಷಿನಲ್ಲಿ ಹುಡುಕುತ್ತಾರೆ ಅನ್ನಿಸಿದರೆ ಅದೇ ಪದಗಳನ್ನು ಕೆಳಗೆ ಇಂಗ್ಲಿಷಿನಲ್ಲೂ ಒಂದು ಸಲ ಬರೆದುಬಿಡಿ.

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲ್ ಇದ್ದರೆ ಅದರೊಳಗಿನ ಕನ್ನಡ ಹುಡುಕಿದರೆ ಸಿಗಲ್ಲ. ಅದು ಯೂನಿಕೋಡ್ ಅಲ್ಲ, ಅಂದರೆ ಈಗ ಎಲ್ಲ ಕಡೆ ನಡೆಯುವ ಅಕ್ಷರ ಪದ್ಧತಿಯಲ್ಲಿ ಇಲ್ಲ. ಅಂಥ ಫೈಲಿಗಂತೂ ವಿಷಯದ ಸಾಲೇ ಗತಿ.

ಪದವೇ ನೆನಪಿಲ್ಲದಿದ್ದರೆ, ಕಂಪ್ಯೂಟರಿನಲ್ಲಿ ಹುಡುಕು ಪೆಟ್ಟಿಗೆಯ ಬಲ ತುದಿಯ ಗುರುತು ಒತ್ತಿ. ಲಗತ್ತು ಇರುವ ಮೇಲ್ ಮಾತ್ರ, ಇಷ್ಟು ಎಂಬಿಗಿಂತ ದೊಡ್ಡದು ಮಾತ್ರ, ಇಂಥ ದಿನದ ಆಚೆ ಈಚೆ ಮಾತ್ರ ಅಂತ ಸೋಸಬಹುದು.

ಅವನ್ನೆಲ್ಲ ಒಂದೇ ಕಡೆ ಸೇರಿಸಿ ಇಡಲು ಆಗುತ್ತದಾ?

ಆಗುತ್ತದೆ. 'ಜಮೀನು', 'ಓದು', 'ಆಸ್ಪತ್ರೆ', 'ಗುರುತಿನ ಚೀಟಿ' ಅಂತ ನಾಲ್ಕು ಲೇಬಲ್ ಸಾಕು. ಇಪ್ಪತ್ತು ಲೇಬಲ್ ಮಾಡಿಕೊಂಡವರು ಆಮೇಲೆ ಯಾವುದಕ್ಕೂ ಹಾಕುವುದಿಲ್ಲ.

ಇನ್ನೂ ಸುಲಭದ ದಾರಿ ಒಂದಿದೆ. ನಿಮ್ಮ ವಿಳಾಸದಲ್ಲಿ ಆ್ಯಟ್ ಚಿಹ್ನೆಗೆ ಮೊದಲು ಪ್ಲಸ್ ಚಿಹ್ನೆ ಹಾಕಿ, ಅದರ ಮುಂದೆ ಇಂಗ್ಲಿಷ್ ಅಕ್ಷರದಲ್ಲಿ 'ಜಮೀನು' ಅಂತ ಸೇರಿಸಿ. ಆ ವಿಳಾಸಕ್ಕೆ ಕಳಿಸಿದ ಮೇಲ್ ನಿಮಗೇ ಬರುತ್ತದೆ. ಹೊಸ ಖಾತೆ ಬೇಡ. ಆ ವಿಳಾಸಕ್ಕೆ ಬಂದದ್ದಕ್ಕೆಲ್ಲ ಜಮೀನು ಲೇಬಲ್ ಹಾಕು ಅಂತ ಒಂದು ಫಿಲ್ಟರ್ ಮಾಡಿಟ್ಟರೆ ಮುಂದೆ ತಾನಾಗಿಯೇ ಆಗುತ್ತದೆ. ಫಿಲ್ಟರ್ ಮಾಡಲು ಮಾತ್ರ ಕಂಪ್ಯೂಟರ್ ಬೇಕು, ಫೋನಿನ ಆ್ಯಪಿನಲ್ಲಿ ಆಗಲ್ಲ.

ಇನ್‌ಬಾಕ್ಸಿನಲ್ಲೂ ಇದೆ, ಸೆಂಟ್‌ನಲ್ಲೂ ಇದೆ. ಒಂದನ್ನು ಅಳಿಸಿಬಿಡಲಾ?

ಬೇಡ! ಜೀಮೇಲ್‌ನಲ್ಲಿ ಅದು ಒಂದೇ ಮೇಲ್, ಎರಡು ಕಡೆ ಕಾಣುತ್ತದೆ ಅಷ್ಟೇ. ಒಂದು ಕಡೆ ಅಳಿಸಿದರೆ ಎರಡೂ ಕಡೆಯಿಂದ ಹೋಗುತ್ತದೆ. ಗೊತ್ತಿಲ್ಲದೆ ಅಳಿಸಿದ್ದರೆ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಅಷ್ಟರೊಳಗೆ ತೆಗೆದುಕೊಳ್ಳಿ.

ವಾಟ್ಸ್ಆ್ಯಪ್‌ನಲ್ಲಿ ನನಗೇ ಕಳಿಸಿಕೊಳ್ಳುತ್ತೇನೆ. ಸಾಲದಾ?

ಇವತ್ತು ಜೆರಾಕ್ಸ್ ಮಾಡಿಸುವುದಕ್ಕೆ ಸಾಕು. ಹತ್ತು ವರ್ಷ ಇಡುವುದಕ್ಕೆ ಸಾಲದು. ಫೋಟೋ ಅಂತ ಕಳಿಸಿದರೆ ವಾಟ್ಸ್ಆ್ಯಪ್ ಅದರ ಗಾತ್ರ ಇಳಿಸುತ್ತದೆ, ಸಣ್ಣ ಅಕ್ಷರ ಮಸುಕಾಗುತ್ತದೆ. ಹಳೆಯ ಕ್ರಯಪತ್ರದ ಮೊಹರಿನೊಳಗಿನ ದಿನಾಂಕವೇ ಓದಲು ಬರದಿದ್ದರೆ ಆ ಫೋಟೋ ಇದ್ದೂ ಪ್ರಯೋಜನವಿಲ್ಲ. ಫೋನ್ ಬದಲಿಸುವಾಗ ಬ್ಯಾಕಪ್ ತಪ್ಪಿದರೆ ಹಳೆಯದೆಲ್ಲ ಹೋಗುತ್ತದೆ. ಮೇಲ್‌ನಲ್ಲಿ ಲಗತ್ತಿಸಿದ ಫೈಲ್ ಹೇಗಿತ್ತೋ ಹಾಗೇ ಇರುತ್ತದೆ.

ಡ್ರೈವ್ ಇದೆಯಲ್ಲ, ಮತ್ತೆ ಮೇಲ್ ಯಾಕೆ?

ಎರಡೂ ಇರಲಿ. ದಿನಾ ತಿದ್ದುವ ಲೆಕ್ಕದ ಹಾಳೆ, ನಾಲ್ಕು ಜನ ನೋಡಬೇಕಾದ ಮದುವೆ ಪಟ್ಟಿ, ದೊಡ್ಡ ಫೈಲ್, ಇವೆಲ್ಲ ಡ್ರೈವ್‌ಗೆ. ಬದಲಾಗಬಾರದ ಕಾಗದ ಮೇಲ್‌ಗೆ. ಮೇಲ್‌ಗೆ ಹೋದ ಫೈಲನ್ನು ಯಾರೂ ತಿದ್ದಲು ಬರುವುದಿಲ್ಲ, ನೀವೂ ಸೇರಿ. ಕಳಿಸಿದ ದಿನಾಂಕ, ಹೊತ್ತು ಅದರ ಜೊತೆಗೇ ಇರುತ್ತದೆ. ಬಾಡಿಗೆ ಮನೆಗೆ ಹೋದ ದಿನ ಗೋಡೆ, ನಲ್ಲಿ, ಸ್ವಿಚ್‌ಗಳ ಫೋಟೋ ತೆಗೆದು ಮೇಲ್ ಮಾಡಿಟ್ಟರೆ, ಬಿಡುವ ದಿನ ಅಡ್ವಾನ್ಸ್ ವಾಪಸ್ ಕೇಳಲು ಒಂದು ಆಧಾರ ಸಿಗುತ್ತದೆ. ಮೈಸೂರಿನಲ್ಲಿ ರೂಮು ಮಾಡಿಕೊಂಡು ಓದುವ ಹುಡುಗರಿಗೆ ಇದನ್ನು ತಪ್ಪದೆ ಹೇಳುತ್ತೇನೆ.

ಯಾವ ಕಾಗದ ಮೊದಲು ಹಾಕಿಡಬೇಕು?

ಮತ್ತೆ ಸಿಗದೇ ಇರುವುದು ಮೊದಲು. ಈಗಿನ ಪಹಣಿ ಸರ್ಕಾರದ 'ಭೂಮಿ' ಆನ್‌ಲೈನ್ ದಾಖಲೆಯಲ್ಲಿದೆ, ಬೇಕೆಂದಾಗ ತೆಗೆದುಕೊಳ್ಳಬಹುದು. ಕೈಬರಹದ ಹಳೆಯ ಪಹಣಿ, ಸಾಗುವಳಿ ಚೀಟಿ, ತಾತನ ಕಾಲದ ಪಾಲುಪಟ್ಟಿ, ಕ್ರಯಪತ್ರ, ಇವು ಹಾಗಲ್ಲ. ಗೆದ್ದಲು ಹಿಡಿದರೆ, ಮಡಿಕೆಯಲ್ಲಿ ಹರಿದರೆ ಮುಗೀತು. ಇವನ್ನು ಇವತ್ತೇ ಸ್ಕ್ಯಾನ್ ಮಾಡಿ. ಹಿಂದಿನ ಪುಟದಲ್ಲಿ ಬರಹ, ಮೊಹರು ಇದ್ದರೆ ಅದನ್ನೂ ಬಿಡಬೇಡಿ.

ಆಮೇಲೆ, ಅಳಿಸಿಹೋಗುವ ಚೀಟಿಗಳು. ಕಬ್ಬಿನ ತೂಕದ ಚೀಟಿ, ಆಸ್ಪತ್ರೆ ಬಿಲ್, ಅಂಗಡಿಯ ವಾರಂಟಿ ರಸೀದಿ ಎಷ್ಟೋ ಕಡೆ ಶಾಖಕ್ಕೆ ಕಪ್ಪಾಗುವ ಕಾಗದದಲ್ಲಿ ಬರುತ್ತವೆ. ಅದರಲ್ಲಿ ಶಾಯಿಯೇ ಇರುವುದಿಲ್ಲ. ಬಿಸಿಲಿಗೆ, ಪ್ಲಾಸ್ಟಿಕ್ ಕವರಿನೊಳಗೆ ಇಟ್ಟರೆ ಕೆಲವು ತಿಂಗಳಲ್ಲಿ ಬೆಳ್ಳಗಾಗುತ್ತದೆ. ಕಾರ್ಖಾನೆಯಿಂದ ಬಾಕಿ ಕೇಳುವ ಹೊತ್ತಿಗೆ ಕೈಯಲ್ಲಿ ಖಾಲಿ ಚೀಟಿ ಇದ್ದರೆ ರೈತ ಏನು ತೋರಿಸಬೇಕು? ಚೀಟಿ ಕೈಗೆ ಬಂದ ತಕ್ಷಣ, ಗಾಡಿ ಹತ್ತುವ ಮೊದಲೇ ಫೋಟೋ ತೆಗೆದು ಮೇಲ್ ಮಾಡಿ.

ಸ್ಕ್ಯಾನ್ ಮಾಡಲು ಸಿಕ್ಕ ಸಿಕ್ಕ ಆ್ಯಪ್ ಹಾಕಿಕೊಳ್ಳಬೇಡಿ. ಆಂಡ್ರಾಯ್ಡ್ ಫೋನಿನ ಗೂಗಲ್ ಡ್ರೈವ್ ಆ್ಯಪಿನಲ್ಲೇ ಕ್ಯಾಮೆರಾ ಗುರುತು ಇದೆ, ಪಿಡಿಎಫ್ ಮಾಡಿಕೊಡುತ್ತದೆ.

ಅಂಕಪಟ್ಟಿ ಮೇಲ್‌ನಲ್ಲಿದೆ. ಅದನ್ನೇ ತೋರಿಸಿದರೆ ಒಪ್ಪುತ್ತಾರಾ?

ಮೇಲ್‌ನಲ್ಲಿರುವುದು ನಕಲು. ಅರ್ಜಿಗೆ ಅಪ್‌ಲೋಡ್ ಮಾಡಲು ಆಗುತ್ತದೆ, ದಾಖಲೆ ಪರಿಶೀಲನೆಗೆ ಮೂಲ ಕೇಳುತ್ತಾರೆ. 2015ರಲ್ಲಿ ಶುರುವಾದ ಸರ್ಕಾರದ ಡಿಜಿಲಾಕರ್ ಬೇರೆ ಥರ. ಇಲಾಖೆಯೇ ನೇರವಾಗಿ ಅಲ್ಲಿಗೆ ಕೊಟ್ಟ ದಾಖಲೆಗೆ ಕಾನೂನಿನಲ್ಲಿ ಮೂಲ ದಾಖಲೆಯ ಬೆಲೆ ಇದೆ. ನೀವೇ ಅಪ್‌ಲೋಡ್ ಮಾಡಿದ್ದಕ್ಕೆ ಆ ಬೆಲೆ ಇಲ್ಲ. ಆಧಾರ್, ಡಿಎಲ್, ಆರ್‌ಸಿ, ಸಿಗುವುದಾದರೆ ಅಂಕಪಟ್ಟಿ, ಇವನ್ನು ಅಲ್ಲೇ ತೆಗೆದುಕೊಳ್ಳಿ. ಅಲ್ಲಿ ಸಿಗದ ಕಾಗದಕ್ಕೆ ಮೇಲ್.

ಆಧಾರ್ ಹಾಕಿಡುವುದು ಅಪಾಯ ಅಲ್ವಾ?

ಯೋಚಿಸಬೇಕಾದ ಮಾತೇ. ಆನ್‌ಲೈನಿನಿಂದ ತೆಗೆದ ಇ-ಆಧಾರ್ ಪಿಡಿಎಫ್‌ಗೆ ಬೀಗ ಇದೆ ಅಂತ ಜನ ನೆಮ್ಮದಿಯಾಗಿರುತ್ತಾರೆ. ಆ ಪಾಸ್‌ವರ್ಡ್ ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ ಅಂತ ಎಲ್ಲರಿಗೂ ಗೊತ್ತು. ನಿಮ್ಮ ಮೇಲ್ ಯಾರ ಕೈಗೆ ಸಿಕ್ಕಿದೆಯೋ ಅವರಿಗೆ ಎರಡೂ ಅಲ್ಲೇ ಸಿಗುತ್ತವೆ. ಮಾಸ್ಕ್ ಮಾಡಿದ ಆಧಾರ್ ಇಟ್ಟುಕೊಳ್ಳಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ.

ಎಟಿಎಂ ಪಿನ್, ಯುಪಿಐ ಪಿನ್, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಇವನ್ನು ಡ್ರಾಫ್ಟ್‌ನಲ್ಲಿ ಕೂಡ ಬರೆದಿಡಬೇಡಿ. ತುಂಬ ಜನ ಡ್ರಾಫ್ಟ್ ಅಂದರೆ ಯಾರಿಗೂ ಕಾಣದ ಜಾಗ ಅಂದುಕೊಂಡಿದ್ದಾರೆ. ಖಾತೆ ತೆರೆದವರಿಗೆ ಅದೂ ಕಾಣುತ್ತದೆ.

ಜೆರಾಕ್ಸ್ ಅಂಗಡಿಯಲ್ಲಿ ಮೇಲ್ ತೆರೆಯಬಹುದಾ?

ಆದಷ್ಟು ತೆರೆಯಬೇಡಿ. ಅಂಗಡಿಯವರು ಕೆಟ್ಟವರು ಅಂತಲ್ಲ. ಆ ಕಂಪ್ಯೂಟರ್ ಮುಂದೆ ದಿನಕ್ಕೆ ಎಷ್ಟೋ ಜನ ಕೂರುತ್ತಾರೆ. ನೀವು ಒಂದು ಪುಟ ಪ್ರಿಂಟ್ ತೆಗೆಯಲು ಹೋಗಿ ಇಡೀ ಮೇಲ್ ಬಿಚ್ಚಿಟ್ಟ ಹಾಗಾಗುತ್ತದೆ. ಅದಕ್ಕಿಂತ ನಿಮ್ಮ ಫೋನಿನಿಂದ ಬೇಕಾದ ಒಂದೇ ಫೈಲನ್ನು ಅಂಗಡಿಯ ವಿಳಾಸಕ್ಕೆ ಫಾರ್ವರ್ಡ್ ಮಾಡಿ, ಪ್ರಿಂಟ್ ಆದ ಮೇಲೆ ಅಳಿಸಿ ಅಂತ ಕೇಳಿ. ಕೇಳಲು ಸಂಕೋಚ ಬೇಡ, ಅದು ನಿಮ್ಮ ಕಾಗದ.

ತೆರೆಯಲೇಬೇಕಾಗಿ ಬಂದರೆ ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯಿರಿ, ಮುಚ್ಚಿದ ಮೇಲೆ ಅದು ನೋಡಿದ ಪುಟಗಳ ನೆನಪು ಇಟ್ಟುಕೊಳ್ಳುವುದಿಲ್ಲ. ಮುಗಿದ ಮೇಲೆ ಲಾಗೌಟ್ ಮಾಡಿ, ಡೌನ್‌ಲೋಡ್ ಆದ ಫೈಲನ್ನು ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ಲಾಗೌಟ್ ಮರೆತು ಬಸ್ ಹತ್ತಿದ್ದೀರಾ? ಫೋನಿನಲ್ಲಿ ಗೂಗಲ್ ಖಾತೆಯ ಭದ್ರತೆ ಪುಟಕ್ಕೆ ಹೋಗಿ. ನಿಮ್ಮ ಖಾತೆ ತೆರೆದಿರುವ ಸಾಧನಗಳ ಪಟ್ಟಿ ಇರುತ್ತದೆ. ಅಲ್ಲಿಂದಲೇ ಆ ಕಂಪ್ಯೂಟರನ್ನು ಹೊರಗೆ ಹಾಕಬಹುದು.

ನನ್ನ ಮೇಲ್ ಐಡಿ ಸೈಬರ್‌ನವರೇ ಮಾಡಿಕೊಟ್ಟಿದ್ದು. ಪಾಸ್‌ವರ್ಡ್ ಗೊತ್ತಿಲ್ಲ.

ನನ್ನ ಹತ್ತಿರ ಬರುವ ಪಿಯುಸಿ ಮಕ್ಕಳಲ್ಲಿ ಇದು ತುಂಬ ಕಾಣುತ್ತದೆ. ಅರ್ಜಿ ಹಾಕುವ ಅವಸರದಲ್ಲಿ ಯಾರೋ ಐಡಿ ಮಾಡಿರುತ್ತಾರೆ. ಖಾತೆಗೆ ಕೊಟ್ಟಿರುವ ಫೋನ್ ನಂಬರ್ ನಿಮ್ಮದಾಗಿದ್ದರೆ 'ಪಾಸ್‌ವರ್ಡ್ ಮರೆತಿದೆ' ಒತ್ತಿ, ಆ ನಂಬರಿಗೆ ಬರುವ ಕೋಡ್ ಹಾಕಿ ಹೊಸದು ಮಾಡಿಕೊಳ್ಳಬಹುದು. ನಂಬರ್ ಅಂಗಡಿಯವರದ್ದಾಗಿದ್ದರೆ ಹೋಗಿ ಬದಲಿಸಿಕೊಳ್ಳಿ. ಅದೂ ಆಗದಿದ್ದರೆ ಹೊಸ ಐಡಿ ಮಾಡಿ, ಸ್ಕಾಲರ್‌ಶಿಪ್ ಮತ್ತು ಕಾಲೇಜಿನ ಕಡೆ ವಿಳಾಸ ಬದಲಿಸಿ. ಕಾಗದ ಇಡುವುದು ಆಮೇಲಿನ ಮಾತು.

ಕಾಲೇಜು ಕೊಟ್ಟ ಐಡಿಯಲ್ಲಿ ಇಟ್ಟರೆ?

ಅದು ಕಾಲೇಜಿನ ಖಾತೆ. ಓದು ಮುಗಿದ ಮೇಲೆ ಮುಚ್ಚಬಹುದು. ಮುಗಿಯುವ ಮೊದಲೇ ಗೂಗಲ್ ಟೇಕ್ಔಟ್ ಬಳಸಿ ಎಲ್ಲ ಇಳಿಸಿಕೊಳ್ಳಿ, ಅಥವಾ ಬೇಕಾದದ್ದನ್ನು ಸ್ವಂತ ಐಡಿಗೆ ಕಳಿಸಿ.

ಖಾತೆಯೇ ಕೈತಪ್ಪಿದರೆ?

ಎಲ್ಲ ಹೋಗುತ್ತದೆ. ಅದಕ್ಕೇ ಖಾತೆಗೆ ಕಾವಲು ಬೇಕು. ಎರಡು ಹಂತದ ಪರಿಶೀಲನೆ ಹಾಕಿಸಿಕೊಳ್ಳಿ, ಅಂದರೆ ಪಾಸ್‌ವರ್ಡ್ ಜೊತೆ ಫೋನಿನಿಂದಲೂ ಒಪ್ಪಿಗೆ ಅಥವಾ ಕೋಡ್ ಕೇಳುವ ವ್ಯವಸ್ಥೆ. ಆಗ 10 ಬ್ಯಾಕಪ್ ಕೋಡ್ ಸಿಗುತ್ತವೆ, ಒಂದೊಂದೂ 8 ಅಂಕಿ, ಒಂದೊಂದೂ ಒಂದೇ ಸಲ ನಡೆಯುತ್ತದೆ. ಅವನ್ನು ಫೋನಿನಲ್ಲಿ ಇಡಬೇಡಿ. ಫೋನ್ ಕಳೆದ ದಿನವೇ ಅವು ಬೇಕಾಗುವುದು. ಕಾಗದದಲ್ಲಿ ಬರೆದು ಬೀರುವಿನಲ್ಲಿ ಮನೆ ಪತ್ರದ ಜೊತೆ ಇಡಿ.

ಖಾತೆಗೆ ಕೊಟ್ಟ ನಂಬರಿಗೆ ರೀಚಾರ್ಜ್ ಬಿಡಬೇಡಿ. ಹಾಗೇ ಬಿಟ್ಟ ನಂಬರ್ ಕೆಲವು ತಿಂಗಳಲ್ಲಿ ಬೇರೆಯವರಿಗೆ ಹೋಗುತ್ತದೆ. ಆಮೇಲೆ ನಿಮ್ಮ ಕೋಡ್ ಅವರಿಗೆ! ನಂಬರ್ ಬದಲಿಸಿದ ದಿನವೇ ಖಾತೆಯಲ್ಲೂ ಬದಲಿಸಿ.

ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು. 2023ರ ಡಿಸೆಂಬರ್‌ನಿಂದ ಈ ನಿಯಮ ಜಾರಿಯಲ್ಲಿದೆ. ಕಾಗದಕ್ಕೆಂದೇ ಬೇರೆ ಐಡಿ ಮಾಡಿದ್ದರೆ ಆಗಾಗ ತೆರೆದು ನೋಡುತ್ತಿರಿ.

ಅಪ್ಪ ತೀರಿಕೊಂಡರು. ವಿಮೆ ಕಾಗದವೆಲ್ಲ ಅವರ ಮೇಲ್‌ನಲ್ಲೇ ಇದೆ. ಏನು ಮಾಡುವುದು?

ಇಂಥ ಹೊತ್ತಿನಲ್ಲಿ ಮನೆಯವರು ಪಡುವ ಕಷ್ಟ ನೋಡಿದ್ದೇನೆ. ಗೂಗಲ್‌ಗೆ ಮನೆಯವರು ಅರ್ಜಿ ಹಾಕಬಹುದು, ಮರಣ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಒಳಗಿನದು ಸಿಕ್ಕೇ ಸಿಗುತ್ತದೆ ಅಂತ ಭರವಸೆ ಇಲ್ಲ. ಅಷ್ಟರಲ್ಲಿ ವಿಮೆ ಕಚೇರಿಗೂ ಬ್ಯಾಂಕಿಗೂ ಹೋಗಿ, ಹೆಸರು ಮತ್ತು ಹುಟ್ಟಿದ ದಿನಾಂಕದ ಮೇಲೆ ಪಾಲಿಸಿ ಹುಡುಕಿಸಿ. ಮೇಲ್‌ಗಾಗಿ ಕಾಯಬೇಡಿ.

ಇರುವವರು ಈಗಲೇ ಮಾಡಬೇಕಾದ ಕೆಲಸ ಒಂದಿದೆ. ಗೂಗಲ್ ಖಾತೆಯಲ್ಲಿ 'ಇನ್ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್' ಅಂತ ಒಂದು ಸೌಲಭ್ಯ. ನೀವು 3, 6, 12 ಅಥವಾ 18 ತಿಂಗಳು ಖಾತೆ ಬಳಸದಿದ್ದರೆ ಯಾರಿಗೆ ತಿಳಿಸಬೇಕು, ಏನನ್ನು ಕೊಡಬೇಕು ಅಂತ ಮೊದಲೇ ಬರೆದಿಡಬಹುದು. 10 ಜನರವರೆಗೆ ಹೆಸರು ಕೊಡಬಹುದು. ಹೆಂಡತಿಯದ್ದೋ ಮಗಳದ್ದೋ ಹೆಸರು ಹಾಕಿ, ಹಾಕಿದ್ದೀನಿ ಅಂತ ಅವರಿಗೂ ಹೇಳಿ.

ನುಡಿ ತಂತ್ರಾಂಶದ ಇನ್‌ಸ್ಟಾಲ್ ಫೈಲ್ ಕಳಿಸಿದರೆ ಹೋಗುತ್ತಿಲ್ಲ.

ಇಎಕ್ಸ್ಇ ಫೈಲ್‌ಗಳನ್ನು ಜೀಮೇಲ್ ತಡೆಯುತ್ತದೆ. ವೈರಸ್ ಹರಡುವುದು ಹೆಚ್ಚಾಗಿ ಅವುಗಳಿಂದ. ಜಿಪ್ ಮಾಡಿದರೂ ಒಳಗೆ ನೋಡಿ ತಡೆಯುತ್ತದೆ. ಅದನ್ನು ಪೆನ್‌ಡ್ರೈವ್‌ನಲ್ಲಿ ಇಡಿ.

ದಸರಾ ಮೆರವಣಿಗೆ ವಿಡಿಯೋ?

ಮೇಲ್‌ಗೆ ಆಗದು. ಒಂದು ನಿಮಿಷದ ಒಳ್ಳೆಯ ವಿಡಿಯೋನೇ 100 ಎಂಬಿ ದಾಟಬಹುದು. ಹಾರ್ಡ್‌ಡಿಸ್ಕಿಗೆ ಹಾಕಿ.

ಮೇಲ್‌ನಲ್ಲಿ ಇದ್ದ ಮೇಲೆ ಮೂಲ ಕಾಗದ ಬಿಸಾಡಬಹುದಾ?

ಬೇಡವೇ ಬೇಡ. ನೋಂದಣಿ ಆದ ಪತ್ರ, ಅಂಕಪಟ್ಟಿ, ಟಿಸಿ, ಬಾಂಡ್ ಯಾವುದನ್ನೂ ಬಿಸಾಡಬೇಡಿ. ಲ್ಯಾಮಿನೇಷನ್ ಕೂಡ ಮಾಡಿಸಬೇಡಿ, ಮೊಹರು ಒತ್ತಲು, ಪರಿಶೀಲಿಸಲು ಕಷ್ಟವಾಗುತ್ತದೆ. ಮೂಲ ಬೀರುವಿನಲ್ಲಿ, ಒಂದು ಪ್ರತಿ ಮೇಲ್‌ನಲ್ಲಿ, ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಅಥವಾ ಊರಾಚೆ ಇರುವ ಅಕ್ಕನ ಮನೆಯಲ್ಲಿ. ಬಿಸಾಡಬಹುದಾದದ್ದು ಹಣ ಸಂದಾಯವಾಗಿ ಮುಗಿದ ಕರೆಂಟ್ ಬಿಲ್, ಹಳೆಯ ರೀಚಾರ್ಜ್ ರಸೀದಿ ಇಂಥವು. ಅವನ್ನು ಮೇಲ್‌ಗೂ ಕಳಿಸಬೇಡಿ.